ಮೂರನೇ ಆಕ್ಟೇವ್ ಸರಿಹೋಯಿತು

ಅವಳು ಅವನಿಗೆ ಬರೆದ ಮೊದಲ ಮೆಸೇಜಿನಲ್ಲಿ ‘ಕಳ್ಳ’ ಎಂಬ ಪದ ಎರಡು ಸಲ ಇತ್ತು. ಮೂರನೆಯದನ್ನು ಅತ್ತಿಗೆ ಅಳಿಸಿಹಾಕಿಸಿದ್ದಳು.

“ಎರಡು ಸಾಕು ಕಣೇ. ಮೂರಾದ್ರೆ ನಮಗೇ ತಲೆ ಕೆಟ್ಟಿದೆ ಅಂದ್ಕೋತಾನೆ.”

ತಲೆ ಕೆಡಲು ಕಾರಣವಿತ್ತು. ಮನೆಯ ಹಿಂದಿನ ಕೋಣೆಯಲ್ಲಿ ಅತ್ತಿಗೆ ಮೂರು ವರ್ಷದಿಂದ ಮಣ್ಣಿನ ಒಂದು ಬಸವನಹುಳುವನ್ನು ಕೂದಲೆಳೆಯಷ್ಟು ಸರಿಸುವುದು, ಫೋಟೋ ತೆಗೆಯುವುದು, ಮತ್ತೆ ಸರಿಸುವುದು, ಹೀಗೆ ಏಳು ನಿಮಿಷದ ಸಿನಿಮಾ ಮಾಡಿದ್ದಳು. ಕಥೆ ದೊಡ್ಡದೇನಲ್ಲ. ಹುಳು ನೀರಿನ ಪೈಪು ಹತ್ತಿ ಮೂರನೇ ಮಹಡಿಯ ಹೂಕುಂಡ ಸೇರಬೇಕು. ಹತ್ತುತ್ತದೆ, ಜಾರುತ್ತದೆ, ಮತ್ತೆ ಹತ್ತುತ್ತದೆ. ಅದಕ್ಕೆ ಸದ್ದು ಜೋಡಿಸುವ ಕೆಲಸ ನಾದಿನಿಯದು, ಆ ಮೆಸೇಜು ಬರೆದವಳದು.

ನಾದಿನಿಗೆ ಮನೆಯಲ್ಲಿ ‘ಕಿವಿ’ ಎಂದೇ ಹೆಸರು. ಪಕ್ಕದ ಮನೆಯ ಫ್ರಿಜ್ಜು ಕೆಡುವ ಎರಡು ದಿನ ಮೊದಲೇ ಗೋಡೆಯಾಚೆಯಿಂದ ಅದರ ನರಳಾಟ ಗುರುತಿಸಿದವಳೆಂದು ಅಣ್ಣ ಇಟ್ಟ ಹೆಸರು. ಅವಳ ನೌಕರಿಯೂ ಕಿವಿಯದ್ದೇ. ಲಿಫ್ಟ್ ಕಂಪನಿಯೊಂದರಲ್ಲಿ ‘ಬಾಗಿಲು ಮುಚ್ಚುತ್ತಿದೆ’, ‘ದಯವಿಟ್ಟು ಒಳಗೆ ಸರಿಯಿರಿ’ ಎನ್ನುವ ದನಿಗಳನ್ನು ಕತ್ತರಿಸಿ ಜೋಡಿಸುತ್ತಿದ್ದಳು.

ಸಿನಿಮಾಕ್ಕೆಂದು ಅವಳು ಉಚಿತ ಸದ್ದುಗಳನ್ನು ಹುಡುಕಿ ಹುಡುಕಿ ಸುಸ್ತಾಗಿದ್ದಳು. ‘ಜಾರುವುದು’ ಎಂದು ಟೈಪಿಸಿದರೆ ರಾಕ್ಷಸರು ಜೊಲ್ಲು ಸುರಿಸಿಕೊಂಡು ಬರುತ್ತಿದ್ದರು. ‘ಉಚಿತ ಕೀಬೋರ್ಡ್ ಲೂಪ್’ ಎಂದು, ಮತ್ತೆ ಮತ್ತೆ ಸುತ್ತುವ ಸಂಗೀತದ ತುಣುಕಿಗಾಗಿ ಹುಡುಕಿದರೆ, ಸಂಗೀತದ ನಡುವೆ ಹೆಂಗಸೊಬ್ಬಳು ಐದೈದು ಸೆಕೆಂಡಿಗೆ ‘ಸ್ಯಾಂಪಲ್, ಸ್ಯಾಂಪಲ್’ ಎಂದು ಗೊಣಗುತ್ತಿದ್ದಳು. ಇನ್ನು ಕೆಲವು ತುಣುಕುಗಳು ಮನೆಯಲ್ಲಿ ಕೂತು ಕೇಳುವುದಕ್ಕೆ ಮಾತ್ರ ಉಚಿತ. ಕೊನೆಗೆ ಹುಳುವಿನ ನಡಿಗೆಗೆ ಅವಳೇ ಸೋಪು ಹಚ್ಚಿದ ಸ್ಪಂಜನ್ನು ಕಿಟಕಿ ಗಾಜಿನ ಮೇಲೆ ಎಳೆದು ರೆಕಾರ್ಡ್ ಮಾಡಿಕೊಂಡಳು. ಸಂಗೀತಕ್ಕೆ ಮಾತ್ರ ಬೇರೆಯವರ ಮುಂದೆ ಕೈ ಚಾಚಲೇಬೇಕಿತ್ತು.

ಆಗ ಒಂದು ಸೈಟಿನ ಮೂಲೆಯಲ್ಲಿ ಅವಳ ಭಾಷೆಯಲ್ಲೇ ಹೆಸರಿಟ್ಟ ಲೂಪುಗಳು ಸಿಕ್ಕಿದವು. ‘ಕಪ್ಪು ಕೀ ಅಂಟುತ್ತಿತ್ತು, ಈಗಿಲ್ಲ.’ ‘ಟೀ ಚೆಲ್ಲಿದ್ದು ಒಣಗಿತು.’ ‘ಮೂರನೇ ಆಕ್ಟೇವ್ ಸರಿಹೋಯಿತು.’ ಎಲ್ಲದರ ಕೆಳಗೂ ಒಂದೇ ಸಾಲು: ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ, ಕೇಳದೆ ಬಳಸಬಹುದು. ಹಾಕಿದವನು ತನ್ನನ್ನು ‘ರಿಪೇರಿ’ ಎಂದಷ್ಟೇ ಕರೆದುಕೊಂಡಿದ್ದ.

‘ಮೂರನೇ ಆಕ್ಟೇವ್’, ಅಂದರೆ ಮೂರನೇ ಸ್ಥಾಯಿ, ಎಂಟು ಸೆಕೆಂಡಿನದು. ಏನೋ ಹೇಳಬೇಕೆಂದು ಬಂದು, ಹೊಸ್ತಿಲಲ್ಲೇ ತಡವರಿಸಿ, ಮತ್ತೆ ಮೊದಲಿನಿಂದ ಶುರು ಮಾಡುವವರ ಹಾಗಿತ್ತು. ಅತ್ತಿಗೆ ಅದನ್ನು ಕೇಳಿದವಳೇ ಪೈಪಿನ ಇಡೀ ದೃಶ್ಯವನ್ನು ಅದರ ತಾಳಕ್ಕೆ ಹೊಂದಿಸಿ ತೆಗೆದಳು. ತಾಳದ ನಾಲ್ಕು ಪೆಟ್ಟು ಬಿದ್ದರೆ ಹುಳುವಿನ ಒಂದು ಹೆಜ್ಜೆ.

ಸಿನಿಮಾ ಮಕ್ಕಳ ಚಿತ್ರಗಳ ಪ್ರದರ್ಶನವೊಂದಕ್ಕೆ ಆಯ್ಕೆಯಾಯಿತು. ಮನೆಯೆಲ್ಲ ಕುಣಿದಾಡಿತು. ಮರುವಾರವೇ ಪ್ರದರ್ಶನದವರ ಕಂಪ್ಯೂಟರ್ ಸಿನಿಮಾವನ್ನು ಹಿಂದಕ್ಕೆ ತಳ್ಳಿತು. ‘ಇದರ ಸಂಗೀತದ ಹಕ್ಕು ಬೇರೊಬ್ಬರದು. ಹತ್ತು ದಿನದೊಳಗೆ ಬದಲಿಸಿ ಕಳಿಸಿ.’ ಯಾರೋ ಅದೇ ಎಂಟು ಸೆಕೆಂಡಿನ ಕೆಳಗೆ ಡ್ರಮ್ಮು ಬಾರಿಸಿ, ತನ್ನದೆಂದು ನೋಂದಾಯಿಸಿದ್ದ.

ಆ ಡ್ರಮ್ಮಿನವನದನ್ನೇ ‘ರಿಪೇರಿ’ ಕದ್ದು ಹಂಚಿದ್ದಾನೆಂದು ಅತ್ತಿಗೆ, ನಾದಿನಿ ಅಂದುಕೊಂಡರು. ಹೀಗಾಗಿ ‘ಕಳ್ಳ’, ಎರಡು ಸಲ.

ಉತ್ತರ ಅರ್ಧ ಗಂಟೆಯಲ್ಲಿ ಬಂತು. ‘ಬರಹದಲ್ಲಿ ಬೈಸಿಕೊಂಡು ಅಭ್ಯಾಸವಿಲ್ಲ. ಅಂಗಡಿ ಹತ್ತರಿಂದ ಆರರವರೆಗೆ ತೆರೆದಿರುತ್ತದೆ. ಬಂದು ಬೈಯಿರಿ.’ ಕೆಳಗೆ ವಿಳಾಸ. ಅವಳ ಆಫೀಸಿನಿಂದ ಬಸ್ಸಿನಲ್ಲಿ ನಾಲ್ಕನೇ ಸ್ಟಾಪು.

*

ಅಂಗಡಿ ಒಂದು ಓಣಿಯಷ್ಟು ಅಗಲ. ಎರಡೂ ಗೋಡೆಗೆ ಕೀಬೋರ್ಡುಗಳು ಪುಸ್ತಕಗಳ ಹಾಗೆ ನೆಟ್ಟಗೆ ನಿಂತಿದ್ದವು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಒಂದರೊಳಗೆ, ಹತ್ತಿ ಸುತ್ತಿದ ಕಡ್ಡಿ ಹಿಡಿದು ಅವನು ಬಗ್ಗಿದ್ದ.

“ನಾನು ಬೈಯೋಕೆ ಬಂದಿದ್ದೀನಿ,” ಅಂದಳು.

ಅವನು ತಲೆ ಎತ್ತಲಿಲ್ಲ. “ಕೂತ್ಕೊಂಡು ಬೈತೀರಾ, ನಿಂತ್ಕೊಂಡು ಬೈತೀರಾ?”

“ನಿಂತ್ಕೊಂಡೇ.”

“ಹಾಗಾದ್ರೆ ಒಂದು ಹೆಜ್ಜೆ ಹಿಂದೆ. ನಿಮ್ಮ ಕಾಲ ಹತ್ರ ಒಂದು ಸ್ಕ್ರೂ ಬಿದ್ದಿದೆ. ಬೆಳಗ್ಗೆಯಿಂದ ಹುಡುಕ್ತಾ ಇದ್ದೀನಿ.”

ಅವಳು ಬಗ್ಗಿ ನೋಡಿದಳು. ಸ್ಕ್ರೂ ನಿಜಕ್ಕೂ ಅಲ್ಲೇ ಇತ್ತು. ಅದನ್ನು ಎತ್ತಿ ಅವನ ಅಂಗೈಗೆ ಹಾಕುವಾಗ ಬೈಗುಳದ ಮೊದಲ ಸಾಲು ಮರೆತುಹೋಯಿತು. ಅವನು ಆಗ ಮುಖ ಎತ್ತಿದ. ಕಣ್ಣು ನಗುವುದಕ್ಕೆ ಬಾಯಿಗಿಂತ ಸ್ವಲ್ಪ ಮುಂಚೆಯೇ ಶುರು ಮಾಡುವ ಜಾತಿಯ ಮುಖ.

“ಮುಂದೆ?” ಅಂದ.

“ಏನು ಮುಂದೆ?”

“ಕಳ್ಳ ಅನ್ನೋವರೆಗೆ ಬಂದಿತ್ತು.”

ಅವಳು ಎಲ್ಲವನ್ನೂ ಹೇಳಿದಳು. ಅತ್ತಿಗೆಯ ಮೂರು ವರ್ಷ, ಮಣ್ಣು ನಾದಿ ನಾದಿ ಬಿರುಕು ಬಿಟ್ಟ ಅವಳ ಬೆರಳು, ಹತ್ತು ದಿನದ ಗಡುವು. ಅವನು ಡ್ರಮ್ಮು ಹಾಕಿದ ಆವೃತ್ತಿಯನ್ನು ಅವಳ ಫೋನಿನಲ್ಲಿ ಎರಡು ಸಲ ಕೇಳಿದ. ಆಮೇಲೆ ನಿಜವಾಗಿ ಆಶ್ಚರ್ಯಪಟ್ಟವನ ಹಾಗೆ ಅಂದ:

“ಫ್ರೀ ಇದೆಯಲ್ರೀ. ಅದ್ರಲ್ಲಿ ಕದಿಯೋಕೆ ಏನಿದೆ?”

ಅವಳಿಗೆ ನಗು ಬಂದುಬಿಟ್ಟಿತು. ತಡೆಯಲು ನೋಡಿದಳು, ಆಗಲಿಲ್ಲ.

ಅವನು ತನ್ನ ಹಳೆಯ ಲ್ಯಾಪ್‌ಟಾಪು ತೆರೆದು ಮೂಲ ರೆಕಾರ್ಡಿಂಗ್ ತೋರಿಸಿದ. ತಾರೀಖು ಐದು ವರ್ಷ ಹಿಂದಿನದು. ರಿಪೇರಿಯಾದ ಪ್ರತಿ ಕೀಬೋರ್ಡನ್ನೂ ಮಾಲೀಕರಿಗೆ ಕೊಡುವ ಮೊದಲು ಅವನು ಒಂದು ಚಿಕ್ಕ ಟ್ಯೂನು ನುಡಿಸಿ ಪರೀಕ್ಷೆ ಮಾಡುತ್ತಿದ್ದ. ಅದನ್ನೇ ಸೈಟಿಗೆ ಹಾಕುತ್ತಿದ್ದ. ಇನ್ನೂರ ಹನ್ನೆರಡು ಕೀಬೋರ್ಡು, ಇನ್ನೂರ ಹನ್ನೆರಡು ಲೂಪು.

ಇಬ್ಬರೂ ಅಕ್ಕಪಕ್ಕ ಕೂತು ಆಕ್ಷೇಪಣೆಯ ಫಾರಂ ತುಂಬಿದರು. ಕುರ್ಚಿ ಒಂದೇ ಇದ್ದುದರಿಂದ ಅವನು ತಲೆಕೆಳಗಾದ ಡಬ್ಬದ ಮೇಲೆ ಕೂತ. ಕಳಿಸಿದ ಕೂಡಲೇ ಯಂತ್ರದ ಉತ್ತರ ಬಂತು. ‘ನಿಮ್ಮ ಮನವಿ ಪರಿಶೀಲನೆಯಲ್ಲಿದೆ. ಮೂವತ್ತು ದಿನಗಳಲ್ಲಿ ತಿಳಿಸಲಾಗುವುದು.’

“ನಮಗಿರೋದು ಎಂಟೇ ದಿನ,” ಅಂದಳು.

“ಹೂಂ.”

“ಇನ್ನೊಂದು ದಾರಿ ಇದೆ. ಅದೇ ಟ್ಯೂನನ್ನ ಬೇರೆ ಕೀಬೋರ್ಡ್ ಮೇಲೆ, ಸ್ವಲ್ಪ ನಿಧಾನಕ್ಕೆ ಹೊಸದಾಗಿ ನುಡಿಸಿ. ಯಂತ್ರ ಹಿಡಿಯಲ್ಲ. ನಿಮಗೆ ಎರಡು ನಿಮಿಷದ ಕೆಲಸ.”

ಅವನು ಡಬ್ಬದಿಂದ ಎದ್ದು ಮೇಜಿನ ಆ ಕಡೆಗೆ ಹೋದ. “ಈಗ ಸ್ವಲ್ಪ ಕೆಲಸ ಇದೆ. ನಾಳೆ ನೋಡೋಣ.”

*

ನಾಳೆ ಹೋದಳು. ಗಿರಾಕಿ ಬರುವವರಿದ್ದಾರೆ ಅಂದ. ನಾಡಿದ್ದು ಹೋದಳು. ಸರಿಯಾದ ಕೀಬೋರ್ಡಿಲ್ಲ ಅಂದ. ಸುತ್ತ ಅರವತ್ತು ಕೀಬೋರ್ಡು ನಿಂತಿದ್ದವು.

“ಇವೆಲ್ಲ ಏನು, ಕಿಟಕಿ ಚೌಕಟ್ಟಾ?”

“ಇವೆಲ್ಲ ರೋಗಿಗಳು. ಹಾಸಿಗೆ ಹಿಡಿದವರ ಹತ್ರ ಹಾಡಿಸ್ತೀರಾ?”

“ನೀವು ಬರ್ತಾ ಬರ್ತಾ ಜಿಪುಣರಾಗ್ತಿದ್ದೀರಿ.”

“ಇನ್ನೂರ ಹನ್ನೆರಡು ಕೊಟ್ಟವನು ಜಿಪುಣನಾ?”

“ಇನ್ನೂರ ಹದಿಮೂರನೇದು ಕೇಳಿದಾಗ ತಾನೇ ಗೊತ್ತಾಗೋದು?”

ಅವನು ನಕ್ಕ. ನಗುತ್ತಲೇ ಬಲಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಅವಳು ಅದನ್ನು ಕಂಡಳು, ಆದರೆ ಅವನ ನಗುವಿನ ಕಡೆ ಗಮನವಿದ್ದುದರಿಂದ ಮನಸ್ಸಿಗೆ ತಂದುಕೊಳ್ಳಲಿಲ್ಲ.

ಆ ವಾರ ಅವಳು ಕೈಲಾಗದವಳಾಗಿ ಹೋಗಿದ್ದಳು. ಊಟದ ಬಿಡುವಾದರೆ ಕಾಲು ತಾನಾಗಿ ಬಸ್ ಸ್ಟಾಪಿಗೆ ನಡೆಯುತ್ತಿತ್ತು. ಬೈಯಲು ಹೊರಟವಳು ಕನ್ನಡಿ ಮುಂದೆ ಒಂದು ನಿಮಿಷ ಯಾಕೆ ನಿಲ್ಲಬೇಕು? ಒಂಬತ್ತು ಅಂತಸ್ತಿನ ಕಟ್ಟಡವೊಂದರ ಲಿಫ್ಟಿಗೆ ದನಿ ಜೋಡಿಸುವಾಗ ಅವಳು ‘ಮುಚ್ಚುತ್ತಿದೆ’ ಇರಬೇಕಾದಲ್ಲಿ ‘ತೆರೆಯುತ್ತಿದೆ’ ಹಾಕಿಬಿಟ್ಟಳು. ಇಡೀ ದಿನ ಜನ ಮುಚ್ಚುವ ಬಾಗಿಲಿಗೆ ಮೂಗು ಕೊಟ್ಟರು. ಮ್ಯಾನೇಜರ್ ಕರೆದು ಕೇಳಿದಾಗ ನಿದ್ದೆಗೆಟ್ಟಿದ್ದೆ ಅಂದಳು.

ಅತ್ತಿಗೆ ಮಾತ್ರ ಒಂದೇ ನೋಟಕ್ಕೆ ಹಿಡಿದಳು.

“ಟ್ಯೂನ್ ಸಿಕ್ತಾ?”

“ಇಲ್ಲ.”

“ಮತ್ತೆ ಮುಖ ಯಾಕೆ ಹಾಗೆ ಅರಳಿದೆ?”

“ಅತ್ತಿಗೆ, ಸುಮ್ಮನಿರು.”

“ನಾನು ಸುಮ್ಮನಿರ್ತೀನಿ ಕಿವಿ. ಗಡುವು ಸುಮ್ಮನಿರಲ್ಲ.”

ಬೇರೆ ಲೂಪುಗಳನ್ನು ಹಾಕಿ ನೋಡಿದರು. ಐವತ್ತಾದರೂ ಇರಬೇಕು. ಒಂದರ ಜೊತೆಗೆ ಹುಳು ಕುಂಟುತ್ತಿತ್ತು, ಇನ್ನೊಂದರ ಜೊತೆಗೆ ಎಲ್ಲಿಗೋ ಮೆರವಣಿಗೆ ಹೊರಟಂತಿತ್ತು. ಅತ್ತಿಗೆ ಹಣೆ ಚಚ್ಚಿಕೊಂಡಳು.

ಅವನ ಶೈಲಿಗೆ ಹತ್ತಿರದ ಇನ್ನೊಂದಾದರೂ ಸಿಕ್ಕೀತೆಂದು ಅವಳು ಶುಕ್ರವಾರ ಸಂಜೆ ‘ರಿಪೇರಿ’ಯ ಎಲ್ಲ ಲೂಪುಗಳನ್ನೂ ಹಾಕಿದ ತಾರೀಖಿನಂತೆ ಸಾಲಾಗಿ ಜೋಡಿಸಿ ಕೇಳತೊಡಗಿದಳು. ಮೊದಲಿನವು ಎಂಟು ಸೆಕೆಂಡು. ನೂರರ ಆಚೆಗೆ ಏಳು. ಆಮೇಲೆ ಆರು. ನೂರ ಎಂಬತ್ತರ ಹೊತ್ತಿಗೆ ಐದು, ಅದೂ ಬಲಗೈಯ ಕಿರುಬೆರಳು ಮುಟ್ಟಬೇಕಾದ ಮೇಲಿನ ಸ್ವರಗಳನ್ನು ಸುತ್ತಿಕೊಂಡು ಹೋಗುವಂಥವು. ಕೊನೆಯದು, ಹೋದ ತಿಂಗಳಿನದು, ಮೂರೂವರೆ ಸೆಕೆಂಡು. ಕೊನೆಯ ಸ್ವರ ಅರ್ಧಕ್ಕೆ ಕೈ ಎತ್ತಿದಂತಿತ್ತು.

ಅವಳು ಹೆಡ್‌ಫೋನ್ ತೆಗೆದಿಟ್ಟಳು. ಜೇಬಿಗೆ ಇಳಿದ ಕೈ ಈಗ ಕಣ್ಣ ಮುಂದೆ ಬಂತು. ‘ಜಿಪುಣ’ ಎಂದಿದ್ದೂ.

*

ಶನಿವಾರ ಬೆಳಗ್ಗೆ ಅಂಗಡಿಗೆ ಹೋದವಳು ಬಾಗಿಲಲ್ಲೇ ನಿಂತಳು. ಅವನು ಅವಳ ಮುಖ ನೋಡಿ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಕೇಳಿಬಿಟ್ರಾ?”

“ಎಲ್ಲಾ.”

“ಸಾಲಾಗಿ?”

“ಹೂಂ.”

“ನಿಮ್ಮನ್ನ ಮನೇಲಿ ಕಿವಿ ಅಂತ ಕರೆಯೋದು ಸುಮ್ನೆ ಅಲ್ಲ.” ಅತ್ತಿಗೆ ಫೋನಿನಲ್ಲಿ ಕೂಗುವುದನ್ನು ಎರಡು ದಿನದ ಹಿಂದೆ ಅವನು ಕೇಳಿಸಿಕೊಂಡಿದ್ದ.

ಅವನು ಒಂದು ಕೀಬೋರ್ಡಿನ ಮುಂದೆ ಕೂತು ಬಲಗೈಯನ್ನು ಅದರ ಮೇಲಿಟ್ಟ. ಎರಡು ಸ್ವರ ಬಂದವು, ಮೂರು ಬಂದವು. ಆಮೇಲೆ ಉಂಗುರದ ಬೆರಳು ಮತ್ತು ಕಿರುಬೆರಳು, ಯಾರೋ ಒಳಗಿಂದ ದಾರ ಎಳೆದಂತೆ, ಮೆಲ್ಲಗೆ ಅಂಗೈಯೊಳಕ್ಕೆ ಮಡಚಿಕೊಂಡವು. ಅವನು ಕೈ ಎತ್ತಿದ. ಬೆರಳುಗಳು ಬಿಚ್ಚಿಕೊಂಡವು.

“ಸ್ಕ್ರೂ ತಿರುಗಿಸ್ತೀನಿ. ಗುಂಡಿ ಹಾಕ್ಕೋತೀನಿ. ಏನೂ ತೊಂದರೆ ಇಲ್ಲ. ಕೀ ಮೇಲೆ ಇಟ್ಟಾಗ ಮಾತ್ರ ಹೀಗೆ. ಒಂದು ಹೋಟೆಲಲ್ಲಿ ಹನ್ನೊಂದು ವರ್ಷ ನುಡಿಸ್ತಿದ್ದೆ. ದಿನಾ ಮೂರು ಗಂಟೆ. ಒಂದಿನ ಹೀಗಾಯ್ತು.”

“ಡಾಕ್ಟರು?”

“ಬೆರಳು ಚೆನ್ನಾಗಿದೆಯಂತೆ. ತಲೆಯಿಂದ ಬೆರಳಿಗೆ ಹೋಗೋ ಸುದ್ದೀಲಿ ಏನೋ ಎಡವಟ್ಟಂತೆ. ಮೂರು ಜನ ನೋಡಿದ್ರು, ಮೂರು ಜನಾನೂ ಬಹಳ ಒಳ್ಳೆಯವರು. ಏನೂ ಆಗಲಿಲ್ಲ.”

“ನಾನು ಜಿಪುಣ ಅಂದೆ.”

“ಅಂದ್ರಿ.”

“ನಂಗೆ ಗೊತ್ತಿರಲಿಲ್ಲ.”

“ಗೊತ್ತಾಗದೇ ಇರಲಿ ಅಂತಲೇ ನಾನೂ ಸುತ್ತು ಹಾಕ್ತಿದ್ದೆ.” ಅವನು ಕೀಗಳ ಮೇಲಿನ ಧೂಳನ್ನು ಎಡಗೈಯಿಂದ ಒರೆಸಿದ. “ಗೊತ್ತಾದ್ಮೇಲೆ ಬರ್ತೀರೋ ಇಲ್ವೋ ಅಂತ.”

ಹೇಳಬೇಕಾದ್ದೆಲ್ಲ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡ ಹಾಗಾಯಿತು. ಅವಳು ಹೇಳಿದ್ದು ಇಷ್ಟೇ: “ಬಂದಿದ್ದೀನಲ್ಲ.”

ಅವನು ಅಂಗಿಯ ತೋಳು ಮಡಚಿಕೊಂಡ. “ಮೈಕ್ ತಂದಿದ್ದೀರಾ?”

“ಬೇಡ. ನಾನು ಅದಕ್ಕೆ ಬಂದದ್ದಲ್ಲ.”

“ಗೊತ್ತು. ತೆಗೀರಿ. ಒಂದು ಸಲ ಬಂದ್ರೆ ಸಾಕಲ್ಲ. ಎಂಟು ಸೆಕೆಂಡು. ಒಂದೇ ಒಂದು ಸಲ.”

ಹದಿನಾಲ್ಕು ಸಲ ಪ್ರಯತ್ನಿಸಿದ. ಪ್ರತಿ ಸಲವೂ ಮೊದಲ ಸ್ವರಗಳು ಅದೇ ಮಾರ್ದವದಿಂದ ಬಂದು, ಹೊಸ್ತಿಲಲ್ಲಿ ಬಿದ್ದವು. ಒಮ್ಮೆ ಮೂರು ಸೆಕೆಂಡು, ಒಮ್ಮೆ ನಾಲ್ಕು. ಆರನೇ ಸಲ ಐದರ ಹತ್ತಿರ ಹೋದಾಗ ಇಬ್ಬರೂ ಉಸಿರು ಬಿಗಿಹಿಡಿದರು. ಹತ್ತನೇ ಸಲ ಅವನು ನಕ್ಕ. ಹದಿಮೂರನೇ ಸಲ ನಗಲಿಲ್ಲ. ಹದಿನಾಲ್ಕರ ಬಳಿಕ ಎದ್ದು ಒಳಗೆ ಹೋಗಿ ನಲ್ಲಿ ತಿರುಗಿಸಿದ. ನೀರಿನ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಸುರಿಯುವ ನೀರಿನ ಕೆಳಗೆ ಯಾರೂ ಕೈಯೊಡ್ಡಿಲ್ಲವೆಂದು ಅವಳ ಕಿವಿಗೆ ತಿಳಿಯಿತು. ಅವಳು ಮೇಜಿನ ಅಂಚು ಹಿಡಿದು ಕೂತೇ ಇದ್ದಳು. ಎದ್ದು ಹೋಗುವುದೋ ಬಿಡುವುದೋ ಅವಳಿಗೆ ಗೊತ್ತಾಗಲಿಲ್ಲ.

*

ಭಾನುವಾರ ಅವಳು ಆ ಹದಿನಾಲ್ಕು ತುಣುಕುಗಳನ್ನು ಕಂಪ್ಯೂಟರಿಗೆ ಇಳಿಸಿದ್ದು ಸುಮ್ಮನೆ ಅವನ ಉಸಿರು ಕೇಳುವುದಕ್ಕೆ. ಹಿನ್ನೆಲೆಯಲ್ಲಿ ಪೈಪಿನ ದೃಶ್ಯ ಓಡುತ್ತಿತ್ತು. ಹುಳು ಹತ್ತಿತು, ಸ್ವರಗಳು ಹತ್ತಿದವು. ಹುಳು ಜಾರಿತು, ಸ್ವರ ನಿಂತಿತು. ಒಂದು ಉಸಿರು. ಕುರ್ಚಿಯ ಕಿರ್ರ್. ಮತ್ತೆ ಮೊದಲಿನಿಂದ.

ಅವಳ ಕೈ ತನ್ನಷ್ಟಕ್ಕೆ ಕೆಲಸ ಮಾಡತೊಡಗಿತು. ಎರಡು ಗಂಟೆಯಲ್ಲಿ ದೃಶ್ಯ ಮುಗಿಯಿತು. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದಳು. ಮಣ್ಣಿನ ಕೈಯಲ್ಲೇ ಕೆನ್ನೆ ಒರೆಸಿಕೊಂಡಳು.

“ಇದೇ ಕಣೇ,” ಅಂದಳು. “ಮೂರು ವರ್ಷ ನಾನು ಮಾಡಿದ್ದು ಇದನ್ನೇ ಅಂತ ಈಗ ಗೊತ್ತಾಯ್ತು ನಂಗೆ. ಕಳಿಸು.”

“ಅವರನ್ನ ಕೇಳಬೇಕು.”

“ಕೇಳದೆ ಬಳಸಬಹುದು ಅಂತ ಅವನೇ ಬರೆದಿದ್ದಾನಲ್ಲ.”

“ಅದು ಇದಕ್ಕಲ್ಲ ಅತ್ತಿಗೆ.”

ಸೋಮವಾರ ಅವನು ಹೆಡ್‌ಫೋನ್ ಹಾಕಿಕೊಂಡು ಇಡೀ ದೃಶ್ಯ ನೋಡಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಮೊದಲು ಅದು ಮೆತ್ತಗಾಯಿತು. ಎರಡನೇ ಜಾರುವಿಕೆಯಲ್ಲಿ ಗೋಡೆಯ ಹಾಗಾಯಿತು. ಮುಗಿದ ಮೇಲೂ ಅವನು ಹೆಡ್‌ಫೋನ್ ತೆಗೆಯಲಿಲ್ಲ.

“ಬೇಡ,” ಅಂದ.

“ಇದರಲ್ಲಿ ನೀವು ಅಂತ ಯಾರಿಗೂ ಗೊತ್ತಾಗಲ್ಲ.”

“ನಂಗೆ ಗೊತ್ತಾಗುತ್ತಲ್ಲ.” ಹೆಡ್‌ಫೋನ್ ತೆಗೆದು ಎರಡೂ ಕೈಯಿಂದ ಮೇಜಿನ ಮೇಲಿಟ್ಟ. “ಸರಿಹೋದದ್ದನ್ನ ಮಾತ್ರ ಊರಿಗೆ ಕೇಳಿಸ್ತಿದ್ದೆ ನಾನು. ಎಲ್ಲಾ ಹೆಸರೂ ನೋಡಿ, ಸರಿಹೋಯ್ತು, ಸರಿಹೋಯ್ತು ಅಂತ. ಇದು ಸರಿಹೋಗಲ್ಲ ಕಿವಿ. ನಾನು ಬಿದ್ದದ್ದನ್ನ ಒಂದು ಹಾಲ್ ತುಂಬ ಜನ ಕೂತು ಕೇಳೋದು ಬೇಡ.”

ಅವನು ಅವಳನ್ನು ಆ ಹೆಸರಿಂದ ನೇರವಾಗಿ ಕರೆದದ್ದು ಅದೇ ಮೊದಲು. ಇಂಥ ಹೊತ್ತಿನಲ್ಲಿ ಅದು ಬರಬೇಕೇ ಅನ್ನಿಸಿತು ಅವಳಿಗೆ.

“ಆಯ್ತು,” ಅಂದಳು. ವಾದ ಮಾಡಿದ್ದರೆ ಅವನು ಒಪ್ಪುತ್ತಿದ್ದನೇನೋ. ಒಪ್ಪಿಸುವುದು ಅವಳಿಗೆ ಬೇಕಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಅತ್ತಿಗೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

“ನನ್ನ ಮೂರು ವರ್ಷಕ್ಕಿಂತ ಅವನ ಹತ್ತು ದಿನ ಹೆಚ್ಚಾಯ್ತು ಅನ್ನು.”

“ಹಾಗಲ್ಲ ಅತ್ತಿಗೆ...”

“ಹಾಗೇ. ನನ್ನ ಕಡೆ ನೋಡಿ ಹೇಳು.”

ಅವಳು ನೋಡಲಾರದೆ ಹೋದಳು. ಪೈಪಿನ ದೃಶ್ಯದಲ್ಲಿ ಬರೀ ಸೋಪಿನ ಸ್ಪಂಜಿನ ಸದ್ದು ಉಳಿಸಿ, ಗಡುವಿನ ದಿನ ಸಿನಿಮಾ ಕಳಿಸಿದಳು. ಅತ್ತಿಗೆ ಅವಳ ಜೊತೆ ಮಾತು ಬಿಟ್ಟಳು. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಪಾತ್ರೆಗಳ ಮೂಲಕ ಮಾತಾಡಿಕೊಂಡರು. ಅಣ್ಣ ನಡುವೆ ನಿಂತು, “ಉಪ್ಪು ಎಲ್ಲಿದೆ ಅಂತ ನಾನು ಯಾರನ್ನ ಕೇಳಬೇಕು ಅಂತಾದ್ರೂ ಹೇಳಿ,” ಎಂದು ಅಂಗಲಾಚಿದ.

ಅಂಗಡಿಯ ಕಡೆಗೂ ಅವಳು ಹೋಗಲಿಲ್ಲ. ಹೋದರೆ ಅವನಿಗೆ ತನ್ನಿಂದ ಒತ್ತಾಯವಾದೀತೆಂಬ ಭಯ. ಪ್ರದರ್ಶನದ ದಿನ, ಹೊತ್ತು, ಜಾಗ ಮಾತ್ರ ಮೆಸೇಜು ಮಾಡಿದಳು. ಉತ್ತರ ಬರಲಿಲ್ಲ.

*

ಮುಂದಿನ ಭಾನುವಾರ ಬೆಳಗ್ಗೆ ಪ್ರದರ್ಶನದ ಸಭಾಂಗಣದಲ್ಲಿ ಮಕ್ಕಳ ಗಲಾಟೆ ಕಿವಿಗಡಚಿಕ್ಕುತ್ತಿತ್ತು. ದೀಪ ಆರುವ ಹೊತ್ತಿಗೆ ಅವನು ಬಂದು ಹಿಂದಿನ ಸಾಲಿನ ತುದಿಯಲ್ಲಿ ಕೂತದ್ದನ್ನು ಅವಳು ಕಂಡಳು. ಇಸ್ತ್ರಿ ಮಾಡಿದ ಅಂಗಿ. ಬಲಗೈ ಜೇಬಿನಲ್ಲಿ.

ಹುಳು ಪರದೆಯ ಮೇಲೆ ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಪೈಪಿನ ದೃಶ್ಯ ಬಂತು. ಸ್ಪಂಜಿನ ಸದ್ದು ಮಾತ್ರ, ಎರಡೂವರೆ ನಿಮಿಷ. ಒಂದು ಜಾರುವಿಕೆಯವರೆಗೆ ಸಭಾಂಗಣ ಸುಮ್ಮನಿತ್ತು. ಎರಡನೆಯದಕ್ಕೆ ಯಾರೋ ಕೆಮ್ಮಿದರು. ಮೂರನೆಯದಕ್ಕೆ ಒಂದು ಪುಟ್ಟ ದನಿ ಜೋರಾಗಿ ಕೇಳಿತು, “ಸೌಂಡ್ ಹೋಯ್ತಾ?” ಸಭಾಂಗಣವೆಲ್ಲ ನಕ್ಕಿತು. ಆಮೇಲೆ ಯಾರೂ ಹುಳುವನ್ನು ನೋಡಲಿಲ್ಲ. ಕೊಸರಾಡಿದರು, ಪಿಸುಗುಟ್ಟಿದರು, ಒಬ್ಬೊಬ್ಬರಾಗಿ ನೀರು ಕುಡಿಯಲು ಎದ್ದರು. ಹುಳು ಹೂಕುಂಡ ಸೇರಿದಾಗ ಬಿದ್ದ ಚಪ್ಪಾಳೆ ಮುಗಿಯಿತಲ್ಲ ಎನ್ನುವಂಥದ್ದು.

ಅತ್ತಿಗೆ ಎದ್ದು ಹೊರಗೆ ಹೋದಳು.

ಅವಳು ಕಾರಿಡಾರಿಗೆ ಬಂದಾಗ ಅವನು ಕಿಟಕಿಯ ಬಳಿ ಕಾಯುತ್ತಿದ್ದ.

“ನಾನು ಹೇಳಿದೆ ಅಂತ ತೆಗೆದ್ರಾ?”

“ಹೂಂ.”

“ಅದು ಚೆನ್ನಾಗಿತ್ತಾ? ನಿಜ ಹೇಳಿ.”

“ನಾನು ಈವರೆಗೆ ಮಾಡಿದ್ರಲ್ಲೆಲ್ಲ ಅದೇ ಚೆನ್ನಾಗಿತ್ತು.”

“ಮತ್ತೆ ಒಂದು ಮಾತೂ ಆಡದೆ...”

“ನೀವು ಬೇಡ ಅಂದ್ರಲ್ಲ.” ಅವಳ ದನಿ ಒಡೆಯಿತು. “ಅತ್ತಿಗೆ ಮಾತಾಡಲ್ಲ. ನೀವು ಮೆಸೇಜ್ ಮಾಡಲ್ಲ. ಇಬ್ಬರಲ್ಲಿ ಯಾರನ್ನ ಉಳಿಸ್ಕೊಳ್ಳೋಕೆ ಹೋದ್ರೂ ಇನ್ನೊಬ್ರು ಹೋಗ್ತಿದ್ರಿ. ಕೊನೆಗೆ ಇಬ್ರೂ ಹೋದ್ರಿ. ನಾನೇನು ಮಾಡ್ಲಿ ಹೇಳಿ?”

ಅವನು ಕಾರಿಡಾರಿನ ಕೊನೆಯಲ್ಲಿ, ಬೆಂಚಿನ ಮೇಲೆ, ಕೈಚೀಲವನ್ನು ಎದೆಗವಚಿ ಕೂತಿದ್ದ ಅತ್ತಿಗೆಯ ಮುಂದೆ ಹೋಗಿ ನಿಂತ. ಅವಳು ಇವನನ್ನು ಮೊದಲ ಸಲ ನೋಡುತ್ತಿದ್ದಳು. ಆದರೂ ಯಾರೆಂದು ಕೇಳಲಿಲ್ಲ.

“ತಪ್ಪು ನಂದು,” ಅಂದ. “ಅವಳದ್ದಲ್ಲ. ಇನ್ನೆಲ್ಲಿಗಾದ್ರೂ ಕಳಿಸೋದಿದ್ರೆ ಅದನ್ನ ಹಾಕಿ.”

“ಈಗ ಹೇಳ್ತೀಯಲ್ಲಪ್ಪ.” ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಒಂದು ಹಾಲ್ ಮಕ್ಕಳು ನನ್ನ ಹುಳೂನ ನೋಡಿ ಆಕಳಿಸಿದ ಮೇಲೆ.”

“ಹೌದು.”

“ನನ್ನ ಕೋಪ ಇನ್ನೂ ಇದೆ.”

“ಇರಲಿ.”

“ನಾಲ್ಕೈದು ದಿನ ಇರುತ್ತೆ.” ಅವಳು ಎದ್ದು ಸೀರೆ ಸರಿಮಾಡಿಕೊಂಡಳು. ನಾದಿನಿಯ ಹತ್ತಿರ ಬಂದು, ಅವಳ ಕೆನ್ನೆಯ ಮೇಲಿನ ನೀರನ್ನು ಹೆಬ್ಬೆರಳಿಂದ ಒರಟಾಗಿ ಒರೆಸಿದಳು. “ನಾನು ಬಸ್ಸಲ್ಲಿ ಹೋಗ್ತೀನಿ. ನೀನು ನಿಧಾನಕ್ಕೆ ಬಾ. ಊಟಕ್ಕೆ ಕಾಯಲ್ಲ, ಎತ್ತಿಟ್ಟಿರ್ತೀನಿ.”

ಆರು ದಿನದಲ್ಲಿ ಅತ್ತಿಗೆ ಅವಳಿಗೆ ಆಡಿದ ಮೊದಲ ಮಾತು ಅದು.

*

ಇಬ್ಬರೂ ಹೊರಗೆ ಬಂದರು. ಬೀದಿಯ ಅಂಗಡಿಗಳೆಲ್ಲ ರಜೆಗೆ ಮುಚ್ಚಿದ್ದವು. ಎಲ್ಲಿಗೆ ಎಂದು ಇಬ್ಬರೂ ಕೇಳಿಕೊಳ್ಳದೆ ನಡೆದರು.

“ಈ ವಾರ ಯಾಕೆ ಬರಲಿಲ್ಲ?” ಅವನು ಕೇಳಿದ.

“ಬಂದ್ರೆ ನಿಮಗೆ ಒತ್ತಾಯ ಆಗುತ್ತೆ ಅಂತ. ದಿನಾ ಆ ಬಸ್ ಬಿಟ್ಟು ಸುತ್ತಿ ಹೋಗೋ ಬಸ್ ಹಿಡೀತಿದ್ದೆ. ನಿಮ್ಮ ಸ್ಟಾಪ್ ಬಂದ್ರೆ ಇಳಿದುಬಿಡ್ತಿದ್ದೆ. ನನ್ನ ಮೇಲೆ ನಂಗೇ ನಂಬಿಕೆ ಇರಲಿಲ್ಲ.”

“ನಾನು ಆ ಬಸ್ ಬಂದಾಗೆಲ್ಲ ಬಾಗಿಲಿಗೆ ಬಂದು ನಿಲ್ತಿದ್ದೆ.”

“ಒಂದು ಮೆಸೇಜ್ ಮಾಡಬಹುದಿತ್ತು.”

“ಏನಂತ ಮಾಡ್ಲಿ? ಬರೆದೆ, ಅಳಿಸಿದೆ. ನನ್ನ ಕೈ ಇನ್ನೂ ಕೆಡುತ್ತೆ, ಅದಂತೂ ಖಾತ್ರಿ. ಮೂರು ಸೆಕೆಂಡು ಎರಡಾಗುತ್ತೆ, ಒಂದಾಗುತ್ತೆ. ಅಂಥವನು ಬಾ ಅಂತ ಯಾರನ್ನಾದ್ರೂ ಹೇಗೆ ಕರೆಯೋದು?” ಅವನು ನಿಂತ. ಮುಚ್ಚಿದ ಅಂಗಡಿಯ ಶಟರಿನ ಮೇಲೆ ಬಿಸಿಲು ಗೆರೆಗೆರೆಯಾಗಿ ಬಿದ್ದಿತ್ತು. “ಕರೆಯಬಾರದು ಅಂತ ದಿನಾ ಬೆಳಗ್ಗೆ ತೀರ್ಮಾನ ಮಾಡ್ತೀನಿ. ಹತ್ತೂವರೆ ಹೊತ್ತಿಗೆ ತೀರ್ಮಾನ ಸಡಿಲ ಆಗಿರುತ್ತೆ. ಏನು ಮಾಡ್ಲಿ, ನನ್ನ ಕೈಲಿ ಆಗ್ತಾ ಇಲ್ಲ.”

“ನನ್ನ ಕೈಲೂ ಆಗ್ತಾ ಇಲ್ಲ,” ಅಂದಳು.

ಪ್ರೀತಿ ಎಂಬ ಮಾತನ್ನು ಯಾರಾದರೂ ಆಡಬೇಕಿತ್ತು. ಅವಳೇ ಆಡಿದಳು, ಆದರೆ ಅದು ಬೇರೆಯೇ ಮಾತಾಗಿ ಬಂತು.

“ಜೇಬಿಂದ ಕೈ ತೆಗಿ.”

ಅವನು ಬೆಚ್ಚಿ ನೋಡಿದ. ‘ತೆಗೀರಿ’ ಅನ್ನದೆ ‘ತೆಗಿ’ ಅಂದದ್ದು ಅವಳಿಗೂ ಆಗಲೇ ಹೊಳೆದದ್ದು. ಕಿವಿಯ ತುದಿಯವರೆಗೂ ಕೆಂಪಾದಳು. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವನು ಕೈ ತೆಗೆದ. ಅವಳು ಅದನ್ನು ತನ್ನ ಅಂಗೈ ಮೇಲಿಟ್ಟುಕೊಂಡಳು. ಏನೂ ಇಲ್ಲದಂತೆ ಒಂದು ಗಳಿಗೆ ಅದು ಬಿಚ್ಚಿಕೊಂಡೇ ಇತ್ತು. ಆಮೇಲೆ, ಯಾಕೋ, ಅವನ ಉಸಿರು ಏರಿದ್ದಕ್ಕೋ ಏನೋ, ಆ ಎರಡು ಬೆರಳುಗಳು ಮೆಲ್ಲಗೆ ಮಡಚಿಕೊಳ್ಳತೊಡಗಿದವು. ಅವನು ಕೈ ಎಳೆದುಕೊಳ್ಳಲು ನೋಡಿದ.

“ಇರಲಿ ಬಿಡು,” ಅಂದಳು.

ಬಿಡಿಸಲು ಅವಳು ಹೋಗಲಿಲ್ಲ. ಮಡಚಿದ ಬೆರಳುಗಳನ್ನು ಹಾಗೆಯೇ ತನ್ನ ಮುಷ್ಟಿಯೊಳಗೆ ತೆಗೆದುಕೊಂಡಳು. ಬಸ್ಸೊಂದು ಬಂತು, ಹತ್ತುವವರಿದ್ದಾರೆಯೇ ಎಂದು ನಿಧಾನಿಸಿತು, ಇಬ್ಬರೂ ಕದಲದ್ದನ್ನು ಕಂಡು ಹೊರಟುಹೋಯಿತು.